ತಿರುಗಿ ಹೇಳುವವಳು

ಅವಳಿಗೆ ಏನನ್ನೇ ಹೇಳಿ, ಹೇಳಿದ ಮಾತು ಒಮ್ಮೆ ನಿಮ್ಮ ಬಳಿಗೇ ಹಿಂತಿರುಗಿ ಬರುತ್ತದೆ. ‘ಬರುವಾಗ ಅರ್ಧ ಡಜನ್ ನಿಂಬೆಹಣ್ಣು ತಾ, ಸಿಪ್ಪೆ ತೆಳುವಾಗಿರಲಿ’ ಎಂದರೆ, ‘ನಿಂಬೆಹಣ್ಣು ಆರು, ತೆಳು ಸಿಪ್ಪೆ’ ಎಂದು ರಾಗವಿಲ್ಲದ ಚಪ್ಪಟೆ ದನಿಯಲ್ಲಿ ಒಪ್ಪಿಸಿ, ನಿಮ್ಮ ಮುಖವನ್ನೇ ನೋಡುತ್ತ ನಿಲ್ಲುತ್ತಾಳೆ. ನೀವು ‘ಸರಿ’ ಎನ್ನುವವರೆಗೆ ಹೊಸಿಲು ದಾಟುವುದಿಲ್ಲ. ಮೂವತ್ತಾರು ವರ್ಷ ಪಾಠ ಹೇಳಿದ ನನಗೆ, ನಾನು ಹೇಳಿದ್ದನ್ನೇ ಯಾರಾದರೂ ತಿರುಗಿ ಹೇಳಿದರೆ ಅಣಕಿಸಿದಂತೆ ಕೇಳುತ್ತದೆ. ತಮ್ಮನ ಮಗಳಿಗೆ ‘ಮಾರ್ದನಿ’ ಎಂದು ಅಡ್ಡಹೆಸರಿಟ್ಟವಳು ನಾನೇ. ಮೆಚ್ಚಿ ಇಟ್ಟ ಹೆಸರಲ್ಲ ಅದು.

ಈ ಚಾಳಿ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ವಿಮಾನ ನಡೆಸುವವರಿಗೆ ಕೆಳಗೆ ನಿಲ್ದಾಣದ ನಿಯಂತ್ರಣ ಗೋಪುರದಿಂದ ರೇಡಿಯೋದಲ್ಲಿ ಅಪ್ಪಣೆ ಬರುತ್ತದೆ: ಇಷ್ಟು ಎತ್ತರ, ಈ ದಿಕ್ಕು, ಇಳಿಯಲು ಈ ಓಡುದಾರಿ. ಕೇಳಿದವರು ಅದನ್ನು ಅಕ್ಷರಶಃ ತಿರುಗಿ ಹೇಳಬೇಕು. ತಪ್ಪಿದ್ದರೆ ಗೋಪುರದವರು ಅಲ್ಲೇ ತಿದ್ದಬೇಕು; ತಿದ್ದದಿದ್ದರೆ ಅದೇ ಕೊನೆಯ ಮಾತು. ಪುಟ್ಟ ವಿಮಾನಗಳ ಶಾಲೆಯೊಂದರಲ್ಲಿ ಐದು ವರ್ಷ ಹಾರಾಟ ಕಲಿಸಿದ ಅವಳಿಗೆ ಈ ಶಿಸ್ತು ನಾಲಗೆಗೆ ಅಂಟಿಬಿಟ್ಟಿತ್ತು. ಕಾಲಿಗೂ ಒಂದಿಷ್ಟು ಅಂಟಿತ್ತು. ಸ್ಕೂಟರ್ ಹತ್ತುವ ಮುನ್ನ ಅದರ ಸುತ್ತ ಒಂದು ಸುತ್ತು ಬಂದು, ಬಗ್ಗಿ ಚಕ್ರ ಒತ್ತಿ, ದೀಪ ಒರೆಸಿ, ಆಮೇಲೆ ಕೂರುತ್ತಿದ್ದಳು. ‘ಪ್ರದಕ್ಷಿಣೆ ಆಯ್ತಾ ತಾಯಿ? ಇನ್ನು ಹೊರಡಬಹುದಾ?’ ಎಂದು ಅವಳಪ್ಪ ಬಾಗಿಲಲ್ಲಿ ನಿಂತು ರೇಗಿಸುವನು.

ಒಮ್ಮೆ ಅವರ ಮನೆಯ ಮಾಲೀಕರು ಬಂದು ಕಟ್ಟಪ್ಪಣೆಗಳ ಪಟ್ಟಿ ಒದರಿದರು. ಗೋಡೆಗೆ ಮೊಳೆ ಹೊಡೆಯಬಾರದು, ಟೆರೇಸಿಗೆ ಹೋಗಬಾರದು, ಗಟ್ಟಿಯಾಗಿ ನಗಬಾರದು. ಅವಳು ಸಾವಧಾನವಾಗಿ ಕೇಳಿ, ‘ಮೊಳೆ ಇಲ್ಲ, ಟೆರೇಸ್ ಇಲ್ಲ, ನಗು ಇಲ್ಲ’ ಎಂದು ತಿರುಗಿ ಹೇಳಿ, ಸರಿಯೋ ಎಂಬಂತೆ ನೋಡಿದಳು. ತಮ್ಮದೇ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಆ ಮನುಷ್ಯನಿಗೆ ಏನಾಯಿತೋ, ಕನ್ನಡಕ ತೆಗೆದು ಒರೆಸಿಕೊಂಡರು. ‘ಒಂದೆರಡು ಮೊಳೆ ಹೊಡ್ಕೊಳ್ಳಿ, ಪರವಾಗಿಲ್ಲ. ನಗೋದಕ್ಕೇನು, ನಗಿ’ ಎಂದು ಮೆಟ್ಟಿಲಿಳಿದರು.

ಅವಳಪ್ಪ, ಎಂದರೆ ನನ್ನ ತಮ್ಮ, ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದವನು. ಅವಳಮ್ಮ ದರ್ಜಿ, ಮಿತಭಾಷಿ, ಮಾತಿಗಿಂತ ಬಾಯಲ್ಲಿ ಗುಂಡುಸೂಜಿ ಜಾಸ್ತಿ. ದೊಡ್ಡ ವಿಮಾನ ಕಂಪನಿಯೊಂದು ಹೊಸ ಪೈಲಟ್‌ಗಳನ್ನು ಕರೆದಾಗ ಮಗಳ ಸಂದರ್ಶನಕ್ಕೆಂದು ಆಕೆ ಕಡುನೀಲಿ ಕೋಟೊಂದನ್ನು ಹೊಲಿದಳು. ತೋಳಿನ ಅಂಚಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಖಾಲಿ ಜಾಗ ಬಿಟ್ಟಿದ್ದಳು. ಯಾಕೆಂದು ಕೇಳಿದೆ. ಸೂಜಿಗಳನ್ನು ಬಾಯಿಂದ ತೆಗೆಯದೆಯೇ ನಾಲ್ಕು ಬೆರಳು ತೋರಿಸಿದಳು. ಕ್ಯಾಪ್ಟನ್ನಿಗೆ ತೋಳಿನಲ್ಲಿ ನಾಲ್ಕು ಪಟ್ಟಿ ಇರುತ್ತವೆಂದು ನನಗೆ ಆಮೇಲೆ ಗೊತ್ತಾಯಿತು. ಮಗಳಿಗೆ ಆಗಿನ್ನೂ ಒಂದೂ ಇರಲಿಲ್ಲ.

ಸಂದರ್ಶನದ ಕೊನೆಗೆ ನೇಮಕಾತಿ ಅಧಿಕಾರಿಣಿ ಷರತ್ತುಗಳನ್ನು ಹೇಳಿದರಂತೆ: ತರಬೇತಿಯ ಆರು ತಿಂಗಳು ಅರ್ಧ ಸಂಬಳ, ಆಮೇಲೆ ಪೂರ್ತಿ, ನಾಲ್ಕು ವರ್ಷ ಕಂಪನಿ ಬಿಡುವಂತಿಲ್ಲ. ಇವಳು ಅಭ್ಯಾಸಬಲದಿಂದ ಅಷ್ಟನ್ನೂ ತಿರುಗಿ ಹೇಳಿದಳು. ಆಕೆ ನಕ್ಕು, ‘ಹೂಂ, ಸರಿ ಸರಿ’ ಎಂದರು. ವಾರ ಕಳೆದು ಕೈಗೆ ಬಂದ ಪತ್ರದಲ್ಲಿ ಮಾತ್ರ ಅರ್ಧ ಸಂಬಳ ಪೂರ್ತಿ ಒಂದು ವರ್ಷಕ್ಕೆ ಹಿಗ್ಗಿತ್ತು. ಆಯ್ಕೆಯಾದ ಉಳಿದ ಹದಿಮೂರು ಮಂದಿ ಆಗಲೇ ಸಹಿ ಹಾಕಿ ಕಳಿಸಿದ್ದರು. ಸಹಿಗೆ ಐದು ದಿನದ ಗಡುವು. ದಾಟಿದರೆ ಆ ಕುರ್ಚಿ ಕಾಯುತ್ತಿರುವ ಮುಂದಿನವರಿಗೆ.

‘ಹಾಕಿಬಿಡು ಮಗಳೇ’ ಎಂದ ತಮ್ಮ. ‘ಐದು ವರ್ಷ ಕಾದಿದ್ದೀಯ. ಬಸ್ಸು ಸ್ಟ್ಯಾಂಡಿಗೆ ಬಂದಾಗ ಹತ್ತಬೇಕು, ಬಣ್ಣ ಸರಿಯಿಲ್ಲ ಅಂತ ನಿಂತ್ರೆ ಹೋಗಿಬಿಡತ್ತೆ.’

‘ಅಪ್ಪ, ನೀನು ಸೇರಿದಾಗ ಅರ್ಧ ಸಂಬಳ ಎಷ್ಟು ದಿನ ಕೊಟ್ರು?’

‘ನಂಗ್ಯಾಕೆ ಅರ್ಧ? ಮೊದಲ ದಿನದಿಂದ ಪೂರ್ತಿ. ನಾನೇನು ಅರ್ಧ ಬಸ್ಸು ಓಡಿಸ್ತಿದ್ನಾ?’

‘ಈ ಕಂಪನಿಯವರು ವಿಮಾನದ ಬಾಗಿಲು ಮುಚ್ಚಿದ ಮೇಲಿನ ಗಂಟೆಗಳಿಗೆ ಮಾತ್ರ ಸಂಬಳ ಲೆಕ್ಕ ಹಾಕ್ತಾರೆ. ಜನ ಹತ್ತೋವರೆಗೆ ಕಾದಿದ್ದು ಪುಕ್ಕಟೆ.’

ತಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದ. ‘ಹಾಗಾದ್ರೆ ನಾನು ಬದುಕಿನಲ್ಲಿ ಮೂರೇ ವರ್ಷ ದುಡಿದಿದ್ದು’ ಎಂದ. ಅವಳು ನಕ್ಕಳು, ಆದರೆ ಸಹಿ ಹಾಕಲಿಲ್ಲ. ಕುರ್ಚಿ ಕೈತಪ್ಪುವ ಭಯ ಅವಳಿಗಿರಲಿಲ್ಲ ಎಂದಲ್ಲ. ಆ ಎರಡು ದಿನ ನಿಂತ ಸ್ಕೂಟರಿಗೆ ಎಷ್ಟು ಸುತ್ತು ಬಂದಳೋ ಲೆಕ್ಕವಿಲ್ಲ.

ಮೂರನೆಯ ದಿನ ಕಚೇರಿಗೆ ಹೊರಟಳು. ಕರಾರಿನ ಭಾಷೆ ಬಿಡಿಸಲು ಬೇಕಾದೀತೆಂದು ನಾನೂ ಹೊರಟೆ. ಲಿಫ್ಟಿನಲ್ಲಿ ಅವಳು ನನ್ನ ಕಡೆ ತಿರುಗಿ, ‘ಅತ್ತೆ, ಒಳಗೆ ನೀವು ಮಾತಾಡಬಾರದು’ ಎಂದಳು.

‘ಮಾತಾಡಬಾರದು’ ಎಂದೆ. ಎಂದ ಮೇಲೆ ನನಗೇ ನಾಚಿಕೆಯಾಯಿತು. ಅವಳು ‘ಸರಿ’ ಎಂದಳು.

ಅಧಿಕಾರಿಣಿ ಕೆಟ್ಟ ಹೆಂಗಸಲ್ಲ. ಮೇಜಿನ ಮೇಲೆ ಮೂರು ಲೋಟ ಆರಿದ ಚಹಾ ಇಟ್ಟುಕೊಂಡು ಒಂದನ್ನೂ ಕುಡಿಯಲು ಪುರುಸೊತ್ತಿಲ್ಲದವರು. ‘ಅವತ್ತು ನಾನು ಒಂದು ವರ್ಷ ಅಂತಾನೇ ಹೇಳಿರಬೇಕಲ್ಲಮ್ಮ’ ಎಂದರು.

‘ಆರು ತಿಂಗಳು ಅಂದ್ರಿ ಮೇಡಂ. ನಾನು ಆರು ತಿಂಗಳು ಅಂದೆ. ನೀವು ಸರಿ ಸರಿ ಅಂದ್ರಿ.’

ದನಿ ಏರಲಿಲ್ಲ, ಇಳಿಯಲಿಲ್ಲ. ಹಾಗೆ ಹೇಳಿ ಆಕೆಯ ಮುಖವನ್ನೇ ನೋಡಿದಳು. ಆಕೆಗೂ ಅನುಮಾನ ಹುಟ್ಟಿರಬೇಕು; ಅವತ್ತು ಸಂದರ್ಶನದಲ್ಲಿ ಜೊತೆಗೆ ಕೂತಿದ್ದ ಹಿರಿಯ ಕ್ಯಾಪ್ಟನ್ ಪಕ್ಕದ ಕೋಣೆಯಲ್ಲೇ ಇನ್ನೊಂದು ತಂಡವನ್ನು ಸಂದರ್ಶಿಸುತ್ತಿದ್ದರು, ಅವರನ್ನು ಕರೆಸಿದರು. ಉದ್ದನೆಯ, ಸ್ವಲ್ಪ ಬಾಗಿದ ಮುದುಕ. ಬಂದವರು ಷರತ್ತಿನ ತಕರಾರೆಂದು ತಿಳಿದ ಮೇಲೆ ಪತ್ರ ನೋಡಲಿಲ್ಲ, ಯಾರ ವಾದವನ್ನೂ ಕೇಳಲಿಲ್ಲ. ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ ಹಾಳೆ ಮಗುಚಿದರು. ಗೋಪುರದ ಅಪ್ಪಣೆಯನ್ನು ಪೆನ್ಸಿಲಿನಲ್ಲಿ ಗೀಚಿಕೊಳ್ಳುವುದು ಆ ಜನರ ಹಳೆಯ ರೂಢಿಯಂತೆ. ನಲವತ್ತು ವರ್ಷದ ರೂಢಿ ಸಂದರ್ಶನದ ಕೋಣೆಯಲ್ಲೂ ಬಿಟ್ಟಿರಲಿಲ್ಲ.

‘ಆರು ತಿಂಗಳು ಅರ್ಧ. ನಾಲ್ಕು ವರ್ಷ. ತಿರುಗಿ ಹೇಳಿದಳು, ಸರಿಯಾಗಿದೆ’ ಎಂದು ಓದಿ ಪುಸ್ತಕ ಮುಚ್ಚಿದರು. ‘ಇಪ್ಪತ್ತೆರಡು ಜನಕ್ಕೆ ಹೇಳಿದ್ರಿ ಮೇಡಂ. ತಿರುಗಿ ಹೇಳಿದ್ದು ಇವಳೊಬ್ಬಳೇ. ಅದಕ್ಕೇ ಬರ್ಕೊಂಡೆ.’

‘ಇದು ಕಚೇರಿ ಕ್ಯಾಪ್ಟನ್, ವಿಮಾನ ಅಲ್ಲವಲ್ಲ.’

‘ವಿಮಾನಕ್ಕೆ ತಾನೇ ಜನ ಆರಿಸ್ತಿರೋದು?’

ಅಧಿಕಾರಿಣಿ ಆರಿದ ಚಹಾ ಒಂದು ಗುಟುಕು ಕುಡಿದು, ಮುಖ ಕಿವುಚಿ, ಹಳೆಯ ಕಡತ ತರಿಸಿದರು. ಹೋದ ವರ್ಷದ ಕರಡನ್ನೇ ಯಾರೋ ತೆಗೆದು ಎಲ್ಲರಿಗೂ ಕಳಿಸಿಬಿಟ್ಟಿದ್ದರು. ಈ ವರ್ಷದ ಷರತ್ತು ಆರೇ ತಿಂಗಳು. ‘ಹದಿಮೂರು ಜನ ಸಹಿ ಹಾಕಿದ್ದಾರೆ, ಒಬ್ಬರೂ ಹೇಳಲಿಲ್ಲ’ ಎಂದು ಆಕೆ ಹಣೆ ಒತ್ತಿಕೊಂಡರು. ಹದಿನಾಲ್ಕು ಪತ್ರಗಳೂ ಹೊಸದಾಗಿ ಅಚ್ಚಾದವು. ‘ನಾಳೆ ಹತ್ತು ಗಂಟೆಗೆ ಬಂದು ತಗೊಂಡು ಹೋಗಮ್ಮ’ ಎಂದರು.

‘ನಾಳೆ, ಹತ್ತು ಗಂಟೆ’ ಎಂದಳು ಮಾರ್ದನಿ. ಆಕೆ ಈ ಸಲ ನಗಲಿಲ್ಲ. ಕ್ಯಾಲೆಂಡರ್ ನೋಡಿ, ನಿಧಾನವಾಗಿ, ‘ಸರಿ’ ಎಂದರು.

ಆರು ತಿಂಗಳು ತುಂಬಿದ ದಿನ ಅವಳಿಗೆ ಪೂರ್ತಿ ಸಂಬಳ ಬಂತು, ತೋಳಿಗೆ ಎರಡು ಪಟ್ಟಿಯೂ ಬಂದವು. ಕಂಪನಿ ಕೊಟ್ಟ ಕೋಟಿನ ತೋಳು ಗಿಡ್ಡವೆಂದು ಅಮ್ಮ ಅದನ್ನು ಬಿಚ್ಚಿ ಹೊಲಿದಳು. ಮೇಲೆ ಇನ್ನೆರಡು ಪಟ್ಟಿಯಷ್ಟು ಜಾಗ ಲೆಕ್ಕ ಹಾಕಿ ಬಿಟ್ಟಳು. ತಮ್ಮ ಪ್ರಯಾಣಿಕನಾಗಿ ಮಗಳ ವಿಮಾನ ಹತ್ತಿದ. ಇಳಿದು ಬಂದವನನ್ನು ಹೇಗಿತ್ತೆಂದು ಕೇಳಿದರೆ, ‘ಬಾಗಿಲು ಮುಚ್ಚೋಕೆ ಅರ್ಧ ಗಂಟೆ ತಡ ಮಾಡಿದ್ರು ಅಕ್ಕ, ಮಗಳಿಗೆ ನಷ್ಟ’ ಎಂದು ಗೊಣಗಿದ. ಮುಖ ಮಾತ್ರ ಹಬ್ಬದಂತಿತ್ತು.

ಇಂಥವರು ಜಗಳಗಂಟರಲ್ಲ, ಧೈರ್ಯಶಾಲಿಗಳೆಂದು ಹೆಸರು ಪಡೆದವರೂ ಅಲ್ಲ. ಜಗತ್ತು ಮಾತು ಕೊಡುವವರ ಮೇಲೆ ನಿಂತಿದೆ ಎಂದು ನಾನು ತರಗತಿಯಲ್ಲಿ ಬಹಳ ಕಾಲ ಹೇಳಿದ್ದೇನೆ. ಈಗ ಆ ವಾಕ್ಯ ಅರ್ಧವೆನ್ನಿಸುತ್ತದೆ. ಕೊಟ್ಟ ಮಾತನ್ನು ಪೂರ್ತಿ ಕೇಳಿಸಿಕೊಂಡು, ಅಲ್ಲೇ, ಕೊಟ್ಟವರ ಕೈಗೇ ಒಮ್ಮೆ ಇಟ್ಟು, ‘ಇದೇ ತಾನೇ?’ ಎಂದು ನೋಡುವವರು ಇಲ್ಲದಿದ್ದರೆ ಮಾತು ಎಲ್ಲಿ ನಿಲ್ಲುತ್ತದೆ? ಅವರು ಎದುರಿಗಿದ್ದಾಗ ನಾವು ಬಾಯಿ ತೆರೆಯುವ ಮುನ್ನ ಒಂದು ಕ್ಷಣ ತಡೆಯುತ್ತೇವೆ, ಹಿಂತಿರುಗಿ ಬಂದಾಗ ನಮ್ಮದೆಂದು ಒಪ್ಪಿಕೊಳ್ಳಬಹುದಾದ ಮಾತನ್ನೇ ಆಡುತ್ತೇವೆ. ಅವರ ದೆಸೆಯಿಂದ ನಾವೂ ಸ್ವಲ್ಪ ನೆಟ್ಟಗಾಗುತ್ತೇವೆ. ನಿನ್ನೆ ಔಷಧಿ ಅಂಗಡಿಯವನು ‘ಊಟಕ್ಕೆ ಮುಂಚೆ ಒಂದು, ಮಲಗುವಾಗ ಎರಡು’ ಎಂದ. ನಾನು ತಿರುಗಿ ಹೇಳಿ, ಅವನು ‘ಸರಿ’ ಎನ್ನುವವರೆಗೆ ಅಂಗಡಿಯ ಮೆಟ್ಟಿಲಿಳಿಯಲಿಲ್ಲ.