ಜಲಜಾಕ್ಷಿ ಅಕ್ಕನ ಜೋಗುಳ

ನನ್ನ ಗಂಡ ತ್ರಿವಿಕ್ರಮ ವಾರವೆಲ್ಲ ಪೆನಾಂಗಿನ ಬಯಾನ್ ಲೆಪಾಸಿನ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್, ಶನಿವಾರ ಬಂತೆಂದರೆ ಬ್ಲೂಸ್ ಸಂಗೀತದ ಪಂಡಿತ. ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಲ್ಲಿ ಚಹಾ ಮುಂದಿಟ್ಟುಕೊಂಡು ಕೂತನೆಂದರೆ ಒಂದೇ ಕಥೆ. ಅಮೆರಿಕದ ಯಾವುದೋ ರೈಲ್ವೆ ಸ್ಟೇಷನ್ನಿನಲ್ಲಿ ಬಡ ಹಾಡುಗಾರನೊಬ್ಬ ಗಿಟಾರಿನ ತಂತಿಗೆ ಚಾಕು ಒತ್ತಿ ಹಾಡುತ್ತಿದ್ದನಂತೆ. ಅದನ್ನು ಕೇಳಿಸಿಕೊಂಡ ಬ್ಯಾಂಡ್ ಮಾಸ್ಟರ್ ಒಬ್ಬ ಮುಂದೆ ಅಂಥ ಹಾಡುಗಳನ್ನು ಬರೆದು ಅಚ್ಚು ಹಾಕಿಸಿ ಜಗತ್ಪ್ರಸಿದ್ಧನಾದ. ಹಾಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಕಥೆ ಇಲ್ಲಿಗೆ ಬಂದಾಗ ಇವನ ಕಣ್ಣು ಒದ್ದೆಯಾಗುತ್ತಿತ್ತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಎದುರು ಮನೆಯ ಜಲಜಾಕ್ಷಿ ಅಕ್ಕ ಉಡುಪಿಯವರು. ಪೆನಾಂಗಿನಲ್ಲಿ ಕನ್ನಡದ ಯಾವ ಮಗುವನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಅವರದೇ. ಬಸುರಿಯಾದ ನಾನು ಬಯಸಿದ್ದೂ ಇಷ್ಟೇ: ನನ್ನ ಮಗು ಆ ಜೋಗುಳ ಕೇಳಬೇಕು.

ತ್ರಿವಿಕ್ರಮನಿಗೂ ಅದು ಹಿಡಿಸಿತು. ಅವರಿಂದ ಮತ್ತೆ ಮತ್ತೆ ಹಾಡಿಸಿ ಸ್ವರ ಬರೆದುಕೊಂಡ. ಯಾರು ಕಟ್ಟಿದ್ದು ಎಂದು ಕೇಳಿದ್ದಕ್ಕೆ ಅಕ್ಕ, "ಯಾರದ್ದೂ ಅಲ್ಲ ಮಾರಾಯ, ಹೀಗೇ ಬಾಯಿಗೆ ಬಂದದ್ದು" ಅಂದರು. ನಮ್ಮ ಹೆಂಗಸರು ಹಾಗೇ. ಪಾಯಸ ಚೆನ್ನಾಗಿದೆ ಎಂದು ಹೊಗಳಿದರೂ ಬೆಲ್ಲ ಒಳ್ಳೆಯದಿತ್ತು ಎನ್ನುತ್ತಾರೆ. ಇವನು ಅದನ್ನೇ ನಂಬಿದ. ನಂಬುವುದು ಅನುಕೂಲವೂ ಆಗಿತ್ತು.

ಗಿಟಾರ್ ಸೇರಿಸಿದ. ಬ್ಲೂಸ್ ಪದ್ಧತಿಯಂತೆ ಮೊದಲ ಸಾಲನ್ನು ಎರಡೆರಡು ಸಲ ಮಾಡಿದ, ಕೊನೆಯ ಸ್ವರವನ್ನು ಜಗ್ಗಿ ಎಳೆದ, 'ಸಾಹಿತ್ಯ, ಸಂಗೀತ: ತ್ರಿವಿಕ್ರಮ' ಎಂದು ಹಾಕಿ ಇಂಟರ್ನೆಟ್ಟಿಗೆ ಬಿಟ್ಟ. ಇಲ್ಲಿಯ ರಾಜಧಾನಿಯ ಬಾಂಗ್ಸಾರಿನ ಕೆಫೆಗಳಿಂದ ಬೆಂಗಳೂರಿನ ಮದುವೆ ವೀಡಿಯೊಗಳವರೆಗೆ ಎಲ್ಲೆಲ್ಲೂ ಅದೇ ಹಾಡು.

ಅಕ್ಕನ ಗಂಡ ಸುಬ್ರಾಯರು ಲಿಫ್ಟಿನಲ್ಲಿ ಸಿಕ್ಕಾಗ ಮೆಲ್ಲಗೆ ಹೇಳಿದರು. ಹೆಸರಿಡುವ ಮೊದಲೇ ಹೋದ ಚೊಚ್ಚಲ ಮಗುವಿಗೆ ಅಕ್ಕನೇ ಕಟ್ಟಿದ ಜೋಗುಳವಂತೆ ಅದು. ಮನೆಗೆ ಬಂದು ಗಂಡನಿಗೆ ಬಾಯಿಗೆ ಬಂದಂತೆ ಬೈದೆ. ನಿನ್ನ ರೈಲ್ವೆ ಸ್ಟೇಷನ್ ಎದುರು ಮನೆಯಲ್ಲೇ ಇತ್ತಲ್ಲೋ ಎಂದೆ. ಅವನು ಹೋಗಿ ಕ್ಷಮೆ ಕೇಳಿದ, ಹಾಡಿಗೆ ಅವರ ಹೆಸರು ಹಾಕಿಸಿದ. ಅಕ್ಕ ಕಾಫಿ ಕೊಟ್ಟು ಕಳಿಸಿದರು.

ನನ್ನ ಮಗಳ ನಾಮಕರಣಕ್ಕೆ ಅವರು ಬಂದು ತೊಟ್ಟಿಲ ಪಕ್ಕ ಕೂತರು. ಇವನ ಕಡೆ ನೋಡಿ, "ನಾನು ಹಾಡಿದ್ರೆ ಅಡ್ಡಿ ಇಲ್ವಾ?" ಎಂದು ಕೇಳಿದರು. ಕುಹಕವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು, ಅವರು ನಿಜವಾಗಿಯೇ ಅಪ್ಪಣೆ ಕೇಳುತ್ತಿದ್ದರು. ನಾನೇ, ಹಾಡಿ ಅಕ್ಕ ಎಂದೆ.

ಹಾಡಿದರು. ಮೊದಲ ಸಾಲು ಎರಡು ಸಲ ಬಂತು. ಕೊನೆಯಲ್ಲಿ ಇವನದೇ ಎಳೆತ.

ನಿಮ್ಮದನ್ನೇ ಹಾಡಿ ಎಂದು ಕಿವಿಯಲ್ಲಿ ಬೇಡಿಕೊಂಡೆ. ಅವರು ನಿಲ್ಲಿಸಿ ಕಣ್ಣು ಮುಚ್ಚಿದರು, ಮತ್ತೆ ಶುರು ಮಾಡಿದರು. ಮತ್ತೆ ಅದೇ ಬಂತು.

"ಎಲ್ಲ ಕಡೆ ಇದನ್ನೇ ಕೇಳಿ ಕೇಳಿ, ನಂದು ಹೇಗಿತ್ತು ಅಂತ ಈಗ ನೆನಪೇ ಆಗೋದಿಲ್ಲ ಮಾರಾಯ್ತಿ," ಎಂದರು ಅಕ್ಕ, ತೊಟ್ಟಿಲು ತೂಗುತ್ತ.