ಆರು ಸೀಸದ ಮುದ್ರೆಗಳು

ಬೆಳಿಗ್ಗೆ 6 ಗಂಟೆ 40 ನಿಮಿಷಕ್ಕೆ ಕುಪ್ಯಾನ್ಸ್ಕ್ ಬಳಿಯ ಉಕ್ರೇನ್ ಸೇನೆಯ ನೆಲಮನೆಯೊಂದರ ಬಾಗಿಲಿಗೆ ರಷ್ಯನ್ನರ ಷೆಲ್ ಬಿತ್ತು. ಅಲ್ಲಿ ಚಹಾ ಹಿಡಿದು ನಿಂತಿದ್ದ ಸೈನಿಕನ ಬಲಗಾಲು ಮಂಡಿಯಿಂದ ಕೆಳಗೆ ಹಾರಿಹೋಯಿತು.

ಒರಿಸ್ಯಾ ಅವನ ತೊಡೆಗೆ ಪಟ್ಟಿ ಬಿಗಿದಳು. ಅವಳು ಸೇನೆಯವಳಲ್ಲ, ಖಾರ್ಕಿವ್‌ನಲ್ಲಿ ಆರು ಜನರ ಡ್ರೋನ್ ಕಾರ್ಯಾಗಾರ ನಡೆಸುವವಳು. ಮಧ್ಯಾಹ್ನ ರಕ್ಷಣಾ ಸಚಿವಾಲಯದ ಸಮಿತಿ ಆ ನೆಲಮನೆಗೇ ಬಂದು ಅವಳ ಹತ್ತು ಡ್ರೋನ್‌ಗಳನ್ನೂ, ಸೋವಿಯತ್ ಕಾಲದಿಂದ ಸೇನೆಗೆ ಸರಕು ಕೊಡುತ್ತ ಬಂದ ದೊಡ್ಡ ಕಾರ್ಖಾನೆಯ ಹತ್ತನ್ನೂ ಪರೀಕ್ಷಿಸುವುದಿತ್ತು. ಗೆದ್ದವರಿಗೆ ಮೂರು ಸಾವಿರ ಡ್ರೋನ್‌ಗಳ ಗುತ್ತಿಗೆ. ಸಿಗದಿದ್ದರೆ ಅವಳ ಕಾರ್ಯಾಗಾರ ಮುಚ್ಚಬೇಕು. ಒಳಗಿನ ಭಾಗ ಯಾರೂ ಬದಲಿಸದಂತೆ ಹಿಂದಿನ ಸಂಜೆಯೇ ಪ್ರತಿ ಡ್ರೋನಿನ ಮುಚ್ಚಳಕ್ಕೂ ಸೀಸದ ಮುದ್ರೆ ಬಿದ್ದಿತ್ತು. ಮುದ್ರೆ ಒಡೆದವರು ಸ್ಪರ್ಧೆಯಿಂದ ಹೊರಗೆ.

ರಷ್ಯನ್ನರ ಮೂರು ಕವಚ ವಾಹನಗಳು ಮುಂದಿನ ಕಂದಕದತ್ತ ಬರುತ್ತಿದ್ದವು. ಅಲ್ಲಿ ಉಕ್ರೇನಿನ ಐವರು ಸೈನಿಕರಿದ್ದರು. ಸಾರ್ಜೆಂಟ್ ಹವ್ರಿಲೋ ಕೈಗೆ ಸಿಕ್ಕಿದ ಕಾರ್ಖಾನೆಯ ಡ್ರೋನ್‌ಗಳನ್ನೇ ಹಾರಿಸಿದ.

"ಮೂರನೇದೂ ಬಿತ್ತು! ಇವೇನು ಡ್ರೋನೋ ಇಟ್ಟಿಗೆನೋ, ವಲೇರಿಯನ್ ಒಸ್ತಾಪೊವಿಚ್?"

"ಮೊನ್ನೆ ಮೈದಾನದಲ್ಲಿ ಚೆನ್ನಾಗೇ ಹಾರಿದ್ವಲ್ಲಪ್ಪ," ಎಂದ ಕಾರ್ಖಾನೆಯ ಪ್ರತಿನಿಧಿ.

"ಮೈದಾನದಲ್ಲಿ ನಮ್ಮಜ್ಜಿ ಪೊರಕೆನೂ ಹಾರತ್ತೆ!"

"ರಾತ್ರಿ ರಷ್ಯನ್ನರು ಸಿಗ್ನಲ್ ತಡೆಯೋ ಜಾಮರ್ ಬದಲಿಸಿದ್ದಾರೆ," ಎಂದಳು ಒರಿಸ್ಯಾ. "ನನ್ನವೂ ಹೀಗೇ ಬೀಳ್ತವೆ. ಒಳಗಿನ ರಿಸೀವರ್ ಬದಲಿಸ್ಬೇಕು. ಹೊಸವು ಚೀಲದಲ್ಲಿವೆ, ಒಂದಕ್ಕೆ ನಾಲ್ಕು ನಿಮಿಷ ಸಾಕು."

"ಮತ್ತೆ ಯಾವ ಮುಹೂರ್ತಕ್ಕೆ ಕಾಯ್ತಿದೀಯೇ ತಾಯಿ?"

"ಮುದ್ರೆ ಒಡೆದ್ರೆ ನಿನ್ನ ಕಥೆ ಮುಗೀತಮ್ಮ," ಎಂದ ವಲೇರಿಯನ್. "ಸಮಿತಿಗೆ ವರದಿ ಬರೆದುಕೊಡೋನು ನಾನೇ. ಆಮೇಲೆ ನನ್ನ ಬೈಬೇಡ."

ಕಂದಕದತ್ತ ನೆಟ್ಟಿದ್ದ ಕ್ಯಾಮೆರಾದ ಪರದೆಯಲ್ಲಿ ಮೊದಲ ವಾಹನ ಕಂದಕದ ಮೇಲೇರಿ ನಿಂತಲ್ಲೇ ಗಿರ್ರನೆ ತಿರುಗಿತು. ಮಣ್ಣು ಕುಸಿಯಿತು. ಕುಸಿದ ಮಣ್ಣಿನಿಂದ ಒಂದು ತೋಳು ಹೊರಚಾಚಿ, ಎರಡು ಸಲ ಆಡಿ, ನಿಂತಿತು.

ಒರಿಸ್ಯಾ ಇಕ್ಕಳದಿಂದ ಮೊದಲ ಮುದ್ರೆ ಕತ್ತರಿಸಿದಳು.

ಷೆಲ್‌ಗಳ ಹೊಡೆತಕ್ಕೆ ದೀಪ ಆರಿತು. ಎರಡನೆಯ ಡ್ರೋನಿಗೆ ಬೆಸುಗೆ ಹಾಕುವಾಗ ಯಾರೋ ಟಾರ್ಚ್ ಹಿಡಿದರು. ತಲೆ ಎತ್ತಿ ನೋಡಿದರೆ ವಲೇರಿಯನ್.

7 ಗಂಟೆ 5 ನಿಮಿಷಕ್ಕೆ ಅವಳ ಮೊದಲ ಡ್ರೋನ್ ಆ ವಾಹನದ ಹಿಂಬಾಗಿಲಿಗೆ ಬಡಿಯಿತು. ಮೈಗೆ ಬೆಂಕಿ ಹತ್ತಿದವರು ಹೊರಬಂದು ಹಿಮದಲ್ಲಿ ಹೊರಳಾಡಿದರು. ಹವ್ರಿಲೋ ಮುಂದಿನದನ್ನು ಅವರ ನಡುವೆಯೇ ಇಳಿಸಿದ. ಒಬ್ಬ ಕೈ ಎತ್ತಿದ್ದನ್ನು ಒರಿಸ್ಯಾ ಕಂಡಳು. ತಲೆ ತಗ್ಗಿಸಿ ಬೆಸುಗೆ ಮುಂದುವರಿಸಿದಳು. ಆರನೆಯ ಡ್ರೋನಿಗೆ ಕೊನೆಯ ವಾಹನವೂ ಹೊತ್ತಿಕೊಂಡಿತು. ಕಂದಕದ ಐವರಲ್ಲಿ ಇಬ್ಬರು ತೆವಳಿಕೊಂಡು ಬಂದರು.

ಮಧ್ಯಾಹ್ನ ಬಂದ ಸಮಿತಿಯ ಕರ್ನಲ್ ನೆಲದಲ್ಲಿ ಬಿದ್ದಿದ್ದ ಆರು ಮುದ್ರೆಗಳನ್ನು ಎಣಿಸಿದರು. ಮುದ್ರೆ ಒಡೆದ ವರದಿಗೆ ವಲೇರಿಯನ್ ಸಹಿ ಹಾಕಿದ. ಗುತ್ತಿಗೆ ಕಾರ್ಖಾನೆಗೆ ಹೋಯಿತು.

ಮೂರು ವಾರದ ಬಳಿಕ ಅದರ ಮೊದಲ ಇನ್ನೂರು ಡ್ರೋನ್‌ಗಳು ಬಂದವು, ಅದೇ ಹಳೆಯ ರಿಸೀವರ್‌ನೊಂದಿಗೆ. ಹವ್ರಿಲೋ ಅವನ್ನು ಲಾರಿಯಿಂದ ಇಳಿಸಲೇ ಇಲ್ಲ. ರಿಸೀವರ್ ಬದಲಿಸಲು ನೇರ ಖಾರ್ಕಿವ್‌ಗೆ, ಮುಚ್ಚುವ ಹಂತದಲ್ಲಿದ್ದ ಒರಿಸ್ಯಾಳ ಕಾರ್ಯಾಗಾರಕ್ಕೆ ಕಳಿಸಿದ.