ಒಳ್ಳೆಯವಳ ತಂಗಿ

ಹತ್ತಿಯನ್ನು ಉಗುರುಬಣ್ಣ ತೆಗೆಯುವ ರಿಮೂವರಿನಲ್ಲಿ ಅದ್ದಿ, ಸತ್ತ ತಂಗಿಯ ಮೂರನೆಯ ಉಗುರನ್ನು ಅಕ್ಕ ತಿಕ್ಕುತ್ತಿದ್ದಾಗ ಬಾಗಿಲು ತಳ್ಳಿಕೊಂಡು ತಂಗಿಯ ಮಗಳು ಒಳಗೆ ಬಂದಳು.

“ದೊಡ್ಡಮ್ಮ, ಏನ್ ಮಾಡ್ತಿದ್ದೀಯ?”

“ಕಾಣ್ತಿಲ್ವಾ? ಬಣ್ಣ ತೆಗೀತಿದ್ದೀನಿ. ಅರವತ್ತರ ಹೆಣಕ್ಕೆ ಕೆಂಪು ಉಗುರು! ಬಂದವರು ಏನಂದ್ಕೋತಾರೆ?”

“ಮೊನ್ನೆ ಅಮ್ಮನೇ ಕೇಳಿ ಹಚ್ಚಿಸ್ಕೊಂಡಿದ್ದು. ಬಿಡು.”

“ಕೇಳಿದ್ದನ್ನೆಲ್ಲ ಕೊಡ್ತಾ ಹೋಗಿದ್ದಕ್ಕೇ ಅವಳು ಜೀವಮಾನವಿಡೀ ಹಾಗೆ ಕುಣಿದಿದ್ದು.”

ಮಗಳು ದೊಡ್ಡಮ್ಮನ ಕೈಯಿಂದ ಹತ್ತಿಯನ್ನು ಕಿತ್ತುಕೊಂಡಳು. ಮೇಜಿನ ಮೇಲಿದ್ದ ಕೆಂಪು ಸೀಸೆ ತೆಗೆದು, ಮಂಚದ ಪಕ್ಕ ಮಂಡಿಯೂರಿ, ಬೋಳಾಗಿದ್ದ ಉಗುರುಗಳಿಗೆ ಮತ್ತೆ ಬಣ್ಣ ಹಚ್ಚತೊಡಗಿದಳು. ಸೆಟೆದುಕೊಂಡ ಬೆರಳುಗಳು, ಒಂದೊಂದನ್ನೂ ತನ್ನ ಬೆರಳಿನ ಮೇಲೆ ಎತ್ತಿ ಹಿಡಿಯಬೇಕಾಯಿತು. ಹಚ್ಚಿ ಮುಗಿದ ಮೇಲೆ, ಅಭ್ಯಾಸಬಲದಿಂದ, ಬೇಗ ಒಣಗಲೆಂದು ಬಾಯಿಂದ ಉಫ್ ಎಂದು ಊದಿದಳು.

ಅಕ್ಕ ಮುಖ ತಿರುಗಿಸಿದಳು. ಬೆಳಗಿನಿಂದ ಅವಳೊಬ್ಬಳೇ ಮೈ ಒರೆಸಿ, ಬಟ್ಟೆ ಬದಲಿಸಿ, ದವಡೆ ಕಟ್ಟಿ, ಹಾಸಿಗೆಯ ಸುಕ್ಕು ತೆಗೆದಿದ್ದಳು. ದೊಡ್ಡಾಸ್ಪತ್ರೆಯಲ್ಲಿ ನರ್ಸಾಗಿ ಪಳಗಿದ ಕೈ, ಹುಳುಕು ಹುಡುಕುವಂತಿರಲಿಲ್ಲ. ‘ನೀನಿಲ್ಲದಿದ್ರೆ ನಮ್ಮ ಗತಿ ಏನಾಗ್ತಿತ್ತು’ ಎಂದು ಒಬ್ಬರಾದರೂ ಅಂದಾರು ಎಂದುಕೊಂಡಿದ್ದಳು. ಯಾರೂ ಅನ್ನಲಿಲ್ಲ.

ಕೆಳಗೆ ತಂಗಿಯ ಬ್ಯೂಟಿ ಪಾರ್ಲರಿನಲ್ಲಿ ಜನ ಸೇರಿದ್ದರು. ಬೇರೆ ಆಸನವಿಲ್ಲದೆ ಕೂದಲು ಕತ್ತರಿಸುವ ತಿರುಗು ಕುರ್ಚಿಗಳಲ್ಲೇ ಕೂತು, ಮಾತಾಡುತ್ತ ಮಾತಾಡುತ್ತ ತಮಗೇ ಗೊತ್ತಿಲ್ಲದೆ ಅತ್ತಿತ್ತ ತಿರುಗುತ್ತಿದ್ದರು. ಅಕ್ಕ ಮೆಟ್ಟಿಲಿಳಿಯುವಾಗ ಒಳಗಿಂದ ನಗು ಕೇಳಿಸಿತು. ಸಾವಿನ ಮನೆಯಲ್ಲಿ ನಗು!

ಬೇಕರಿಯವರ ಹೆಂಡತಿ, ಎಪ್ಪತ್ತು ದಾಟಿದ ಮುದುಕಿ, ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು: “ನಮ್ಮೆಜಮಾನ್ರು ಹೋಗಿ ತಿಂಗಳಾಗಿತ್ತು. ಈ ಪಟಾಕಿ ಮನೆಗೇ ಬಂದು, ತಲೆಗೆ ಬಣ್ಣ ಹಚ್ತೀನಿ ಅಂತ ಕೂತಳು. ಇನ್ಯಾರು ನೋಡ್ಬೇಕೇ ನನ್ನ, ಅಂದೆ. ‘ಕನ್ನಡಿ ನೋಡುತ್ತಲ್ಲಮ್ಮ, ಪಾಪ ಅದೇನು ತಪ್ಪು ಮಾಡಿದೆ?’ ಅಂದಳು ನೋಡಿ! ಅವತ್ತೇ ನಾನು ಹೊಟ್ಟೆ ತುಂಬ ಊಟ ಮಾಡಿದ್ದು.”

ಪಟಾಕಿ ಎಂದರೆ ತಂಗಿಯೇ. ಬೀದಿಗೆ ಬೀದಿಯೇ ಅವಳನ್ನು ಹಾಗೆ ಕರೆಯುತ್ತಿತ್ತು.

“ಗಿರಾಕಿಗಳು ಕಾಯ್ತಿದ್ರೂ ಬಾಗಿಲಿಗೆ ಬೀಗ ಹಾಕಿ, ನಡಿಯೇ ಈಜೋಕೆ ಹೋಗೋಣ ಅನ್ನೋರು,” ಎಂದಳು ಪಾರ್ಲರಿನ ಸಹಾಯಕಿ. “ಕಾಯ್ತಿದ್ದವರನ್ನೂ ಎಳ್ಕೊಂಡೇ ಹೋಗೋರು!”

“ಸ್ವಂತ ಮಗಳ ತಲೆ ಬಾಚೋಕೆ ಮಾತ್ರ ಅವಳಿಗೆ ಪುರುಸೊತ್ತಿರಲಿಲ್ಲ,” ಎಂದಳು ಅಕ್ಕ, ಬಾಗಿಲಲ್ಲೇ ನಿಂತು.

ಕುರ್ಚಿಗಳು ತಿರುಗುವುದನ್ನು ನಿಲ್ಲಿಸಿದವು.

*

ಮಗುವಿಗೆ ಆಗ ನಾಲ್ಕು ವರ್ಷ. ತಂಗಿ ಅದನ್ನು ಅಕ್ಕನ ಬಾಡಿಗೆ ಮನೆಯ ಹೊಸ್ತಿಲಲ್ಲಿ ಇಳಿಸಿ, “ಎರಡೇ ದಿನ ಅಕ್ಕಾ, ಒಂದು ನೆಲೆ ಕಂಡ್ಕೊಂಡು ಬಂದ್ಬಿಡ್ತೀನಿ” ಎಂದಿದ್ದಳು. ಗಂಡನನ್ನು ಆಗಲೇ ಬಿಟ್ಟಾಗಿತ್ತು. ಅವನು ಕುಡಿಯುವವನಲ್ಲ, ಹೊಡೆಯುವವನಲ್ಲ. ಅವನ ಜೊತೆ ಉಸಿರು ಕಟ್ಟುತ್ತೆ ಎನ್ನುವುದೊಂದೇ ಅವಳ ಕಾರಣ. ಆ ಎರಡು ದಿನ ಮುಗಿಯುವಷ್ಟರಲ್ಲಿ ಮಗು ಕಾಲೇಜು ಮುಗಿಸಿತು.

ಅದೇ ವರ್ಷ ಆಸ್ಪತ್ರೆಯ ಎಕ್ಸ್‌ರೇ ವಿಭಾಗದವನು ಅಕ್ಕನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. “ಮಗೂನ ಅದರಮ್ಮನ ಹತ್ರ ಬಿಟ್ಟು ಬಾ” ಎಂದ. “ಅವಳ ಹತ್ರ ಬಿಟ್ರೆ ಅದು ಮೂರಾಬಟ್ಟೆ ಆಗುತ್ತೆ” ಎಂದಳು ಅಕ್ಕ. ಅವನು ಕಾಯಲಿಲ್ಲ. ಅವಳು ಅಳಲಿಲ್ಲ. ರಾತ್ರಿ ಪಾಳಿ ಬೇಡವೆಂದು ಬಡ್ತಿ ಬಿಟ್ಟಳು. ಜ್ವರ ಬಂದರೆ ನಿದ್ದೆ ಬಿಟ್ಟಳು. ಬಿಟ್ಟಿದ್ದನ್ನೆಲ್ಲ ಮರೆಯದೆ ಇಟ್ಟುಕೊಂಡಳು.

ತಂಗಿ ಭಾನುವಾರ ಬರುತ್ತಿದ್ದಳು, ದಾರಿಯುದ್ದಕ್ಕೂ ಕಾಣುವಂಥ ಬಣ್ಣದ ಸ್ಕಾರ್ಫು ಸುತ್ತಿಕೊಂಡು. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯಲ್ಲಿ ಓಡುತ್ತಿದ್ದಳು. ಸಂಜೆ ಅವಳು ಹೊರಟರೆ ಮಗು ಕಿಟಕಿ ಕಂಬಿ ಹಿಡಿದು ಅಳುತ್ತಿತ್ತು. ನಗಿಸುವುದು ತಂಗಿಯ ಪಾಲು, ಮೂಗೊರೆಸುವುದು ಅಕ್ಕನ ಪಾಲು.

ಒಂದು ಬೆಳಗ್ಗೆ ಹಾಲು ಕುಡಿಯುತ್ತಿದ್ದ ಮಗು ಅಕ್ಕನನ್ನೇ “ಅಮ್ಮಾ” ಎಂದಿತು. ಇನ್ನೊಮ್ಮೆ ಅನ್ನಲಿ ಎನ್ನಿಸಿತು ಅವಳಿಗೆ. ಆದರೂ ಲೋಟ ಕೆಳಗಿಡಿಸಿ, “ಅಮ್ಮ ಅಲ್ಲ, ದೊಡ್ಡಮ್ಮ. ಇನ್ನೊಬ್ಬರದ್ದು ನಮಗೆ ಬೇಡ” ಎಂದು ತಿದ್ದಿದಳು.

ಮಗು ಮತ್ತೆಂದೂ ತಪ್ಪಲಿಲ್ಲ. ದೊಡ್ಡವಳಾಗಿ ಕೆಲಸ ಸಿಕ್ಕಿದ ವಾರವೇ ಗಂಟುಮೂಟೆ ಕಟ್ಟಿಕೊಂಡು, ಪಾರ್ಲರಿನ ಮೇಲಿನ ಕೋಣೆಗೆ, ತನ್ನ ಅಮ್ಮನ ಹತ್ತಿರ ಹೋಗಿಬಿಟ್ಟಳು.

*

ವಿದ್ಯುತ್ ಚಿತಾಗಾರದಲ್ಲಿ ಕಬ್ಬಿಣದ ಬಾಗಿಲು ತೆರೆಯುವ ಮೊದಲು ಅಲ್ಲಿಯ ನೌಕರ, “ಯಾರಾದ್ರೂ ಎರಡು ಮಾತಾಡೋದಿದ್ರೆ ಆಡಿ” ಎಂದ. ಎಲ್ಲರೂ ಮಗಳತ್ತ ನೋಡಿದರು. ಅವಳು ಬಾಯಿ ತೆರೆಯುವುದರೊಳಗೆ ಅಕ್ಕ ಮುಂದೆ ಬಂದಳು.

“ಸತ್ತವರನ್ನ ಹೊಗಳಬೇಕು ಅಂತಾರೆ. ನನಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ. ಇವಳು ಕಟ್ಕೊಂಡವನನ್ನ ಬಿಟ್ಟಳು, ಹೆತ್ತ ಕೂಸನ್ನ ಬಿಟ್ಟಳು, ಮನಸ್ಸಿಗೆ ಬಂದ ಹಾಗೆ ಮೆರೆದಳು. ಒಂದು ದಿನಕ್ಕೂ ಪಶ್ಚಾತ್ತಾಪ ಅಂತ ಪಡಲಿಲ್ಲ. ನಗ್ತಾನೇ ಬದುಕಿ ನಗ್ತಾನೇ ಹೋದಳು. ಮಾಡಬಾರದ್ದು ಒಂದೂ ಮಾಡದ ನಾನು ಒಂದು ದಿನ ನೆಮ್ಮದಿಯಾಗಿ ಕಣ್ಣು ಮುಚ್ಚಿದ್ದಿಲ್ಲ. ಒಳ್ಳೆಯವರಾಗಿದ್ದಕ್ಕೆ ಇದೇನಾ ಸಿಗೋದು? ಯಾವ ನ್ಯಾಯ ಇದು? ಯಾರಾದ್ರೂ ಹೇಳಿ!”

ಬೇಕರಿಯವರ ಹೆಂಡತಿ ಎದ್ದು ಬಂದು ಅವಳ ತೋಳು ಹಿಡಿದಳು. “ನ್ಯಾಯ ಆಮೇಲೆ ನೋಡೋಣಮ್ಮ. ಬನ್ನಿ, ಕೂತ್ಕೊಳ್ಳಿ.” ಅಕ್ಕ ಆ ಕೈಯನ್ನು ಕೊಡವಿದಳು.

ಮಗಳು ದನಿ ಎತ್ತರಿಸಲಿಲ್ಲ. “ದೊಡ್ಡಮ್ಮ, ನನಗೆ ಜ್ವರ ಬಂದಾಗ ನೀನು ರಾತ್ರಿಯಿಡೀ ಎದ್ದಿರ್ತಿದ್ದೆ. ಗೊತ್ತು. ಗುಣ ಆದ್ಮೇಲೆ ತಿಂಗಳುಗಟ್ಟಲೆ ಅದನ್ನೇ ಎತ್ತಿ ಆಡ್ತಿದ್ದೆ. ಅದೂ ಗೊತ್ತು. ಅಮ್ಮ ಬಿಟ್ಟು ಹೋದಳು. ನಾನು ಅವಳ ಮೇಲೆ ಹರಿಹಾಯ್ದೆ, ಬಾಯಿಗೆ ಬಂದ ಹಾಗೆ ಬೈದೆ, ಅವಳು ಬೈಸ್ಕೊಂಡಳು. ನಿನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೆ ನೀನು ಒಂದು ಸಣ್ಣ ಸಂದೂ ಬಿಡಲಿಲ್ಲ.”

“ಹಾಗಾದ್ರೆ ಅದೂ ನನ್ನ ತಪ್ಪಾ?”

“ಇಲ್ಲ. ನಿನ್ನದು ಯಾವತ್ತೂ ತಪ್ಪಿಲ್ಲ.”

ನೌಕರ ಕಬ್ಬಿಣದ ಬಾಗಿಲು ಎತ್ತಿದ. ಬಿಸಿಗಾಳಿ ಎಲ್ಲರ ಮುಖಕ್ಕೂ ರಾಚಿತು.

*

ಕೊನೆಯ ತಿಂಗಳು ತಂಗಿಯನ್ನು ನೋಡಿಕೊಂಡವಳೂ ಅಕ್ಕನೇ. ಯಾರೂ ಕರೆಯದಿದ್ದರೂ ಬಂದು ನಿಂತಿದ್ದಳು. ಒಂದು ಮಧ್ಯಾಹ್ನ ಚಮಚದಲ್ಲಿ ಹಣ್ಣಿನ ರಸ ಕುಡಿಸುತ್ತ ಕೇಳಿದಳು:

“ಒಂದೇ ಒಂದ್ಸಲ ತಪ್ಪಾಯ್ತು ಅನ್ನು.”

“ಅಂದ್ರೆ ನಿನಗೆ ಸಮಾಧಾನ ಆಗುತ್ತಾ?”

“ಆಗುತ್ತೆ.”

ತಂಗಿ ಚಮಚವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. “ಮಗಳಿಗೆ ಯಾವತ್ತೋ ಹೇಳಿದ್ದೀನಿ, ಅಕ್ಕಾ. ಕಾಲು ಹಿಡ್ಕೊಂಡು ಅತ್ತಿದ್ದೀನಿ. ನಿನಗೆ ಹೇಳಲ್ಲ. ಹೇಳಿಬಿಟ್ರೆ ಆಮೇಲೆ ನಿನ್ನ ಹತ್ರ ಏನುಳಿಯುತ್ತೆ?”

ಅಕ್ಕ ಚಮಚವನ್ನು ಬಟ್ಟಲಲ್ಲಿಟ್ಟಳು. ಅಂದಿನಿಂದ ಹೊತ್ತುಹೊತ್ತಿಗೆ ಮಾತ್ರೆ ಕೊಟ್ಟಳು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಿದಳು, ಹಾಸಿಗೆ ಒಂದು ಗಳಿಗೆಯೂ ಒದ್ದೆಯಾಗಿರಲು ಬಿಡಲಿಲ್ಲ. ಮಾತು ಮಾತ್ರ ಒಂದೂ ಆಡಲಿಲ್ಲ.

“ಅಕ್ಕಾ, ಏನಾದ್ರೂ ಅನ್ನೇ. ಬೈಯೋದಾದ್ರೂ ಬೈಯೇ,” ಎಂದು ತಂಗಿ ಗೋಗರೆದಳು.

ಅಕ್ಕ ಥರ್ಮಾಮೀಟರನ್ನು ಅವಳ ಬಾಯಿಗಿಟ್ಟಳು.

*

ಚಿತಾಗಾರದಿಂದ ಎಲ್ಲರೂ ಪಾರ್ಲರಿಗೇ ಮರಳಿದರು. ಸಹಾಯಕಿ ಚಹಾ ಮಾಡಿ ಹಂಚಿದಳು. ಅಕ್ಕ ಯಾರ ಮುಖವನ್ನೂ ನೋಡದೆ ಹಿಂದಿನ ಪುಟ್ಟ ಅಡುಗೆಕೋಣೆಗೆ ಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಂಜಲು ಕಪ್ಪುಗಳನ್ನು ತೊಳೆಯತೊಡಗಿದಳು. ಹೊರಗೆ ಮೊದಮೊದಲು ಪಿಸುಮಾತು. ಆಮೇಲೆ ಯಾರೋ ಏನೋ ಹೇಳಿದರು, ಬೇಕರಿಯವರ ಹೆಂಡತಿ “ಅಯ್ಯೋ, ಹೌದು ಕಣ್ರೇ!” ಎಂದಳು, ನಗು ಗೊಳ್ಳೆಂದಿತು.

ಮಗಳು ಬಾಗಿಲಿಗೆ ಬಂದು ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು.

“ದೊಡ್ಡಮ್ಮ, ಸಾಕು ಬಾ. ಕುರ್ಚಿ ಖಾಲಿ ಇದೆ. ಚಿಕ್ಕವಳಿದ್ದಾಗ ಅಮ್ಮ ಹೇಗಿದ್ದಳು ಅಂತ ಕೇಳ್ತಿದ್ದಾರೆ ಎಲ್ಲರೂ. ನಿನ್ನ ಬಿಟ್ರೆ ಹೇಳೋರು ಯಾರಿದ್ದಾರೆ?”

“ಇನ್ನೂ ತೊಳೆಯೋದಿದೆ.”

“ನಾನು ತೊಳೀತೀನಿ ಆಮೇಲೆ.”

“ನೀನು ತೊಳೆದ ಚಂದ ನನಗೆ ಗೊತ್ತಿಲ್ವಾ? ಹೋಗು.”

ಮಗಳು ಹೋದಳು. ಹೊರಗೆ ಕುರ್ಚಿಯೊಂದು ಕಿರ್ರೆಂದು ತಿರುಗಿತು.

ಅಕ್ಕ ಕೊನೆಯ ಕಪ್ಪನ್ನು ತೊಳೆದು ಬೋರಲು ಹಾಕಿದಳು. ತೊಟ್ಟಿಯಲ್ಲಿ ನೊರೆ ನೀರು ಬಿಟ್ಟರೆ ಏನೂ ಇರಲಿಲ್ಲ. ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಕೈಯನ್ನು ಸೆರಗಿಗೆ ಒರೆಸಿಕೊಳ್ಳಹೊರಟವಳು ತಡೆದಳು. ಗೋಡೆಯ ಅಲಮಾರಿಯಲ್ಲಿ ಯಾರೂ ಮುಟ್ಟದ ಕಪ್ಪುಗಳು ಸಾಲಾಗಿ, ಒಣಗಿ, ಹೊಳೆಯುತ್ತ ಕೂತಿದ್ದವು. ಅಕ್ಕ ಅವನ್ನು ಒಂದೊಂದಾಗಿ ಕೆಳಗಿಳಿಸಿ ನೊರೆಯಲ್ಲಿ ಮುಳುಗಿಸಿದಳು.